ಚೌಕಟ್ಟಿಗೆ ಸಿಗದ ಪೆನ್ಸಿಲ್

1940ರ ಡಿಸೆಂಬರ್ ತಿಂಗಳು. ಯುರೋಪಿನಲ್ಲಿ ಎರಡನೇ ಮಹಾಯುದ್ಧ ಧಗಧಗಿಸುತ್ತಿತ್ತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಇಳಿಯಲೇಕೂಡದು ಎನ್ನುವವರು ಅಲ್ಲಿ ಬಹಳ ಮಂದಿಯಿದ್ದರು. ಅಂಥ ಹೊತ್ತಿನಲ್ಲಿ ಆ ದೇಶದ ಪತ್ರಿಕೆ ಅಂಗಡಿಗಳಿಗೆ ಹತ್ತು ಸೆಂಟಿನ ಒಂದು ಕಾಮಿಕ್ಸ್ ಪುಸ್ತಕ ಬಂತು. ಮುಖಪುಟದಲ್ಲಿ ರಾಷ್ಟ್ರಧ್ವಜದ ಬಣ್ಣಗಳನ್ನೇ ಉಡುಪಾಗಿ ತೊಟ್ಟ ಯುವಕನೊಬ್ಬ ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಸುತ್ತಲಿಂದ ಗುಂಡುಗಳು ಹಾರಿ ಬರುತ್ತಿವೆ, ಸರ್ವಾಧಿಕಾರಿ ಹಿಂದಕ್ಕೆ ಉರುಳುತ್ತಿದ್ದಾನೆ.

ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ನಡೆದು ಅಮೆರಿಕ ಯುದ್ಧ ಸಾರಿದ್ದು ಇದಾದ ಸುಮಾರು ಒಂದು ವರ್ಷದ ನಂತರ. ಸರ್ಕಾರಕ್ಕಿಂತ ಮೊದಲೇ ಹಿಟ್ಲರನಿಗೆ ಗುದ್ದಿದ ಆ ಪುಸ್ತಕ ‘ಕ್ಯಾಪ್ಟನ್ ಅಮೆರಿಕ’. ಅದರ ಜನಕರು ಇಬ್ಬರು: ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ. ಆಗ ಕರ್ಬಿಗೆ 23 ವರ್ಷ. ಮೊದಲ ಸಂಚಿಕೆಯೇ ಹತ್ತು ಲಕ್ಷದ ಹತ್ತಿರ ಖರ್ಚಾಯಿತು. ಜೊತೆಗೆ ನಾಜಿ ಬೆಂಬಲಿಗರಿಂದ ಬೆದರಿಕೆಗಳೂ ಬಂದವು. ಕಚೇರಿಗೆ ಪೊಲೀಸ್ ಕಾವಲು ಹಾಕಬೇಕಾಯಿತೆಂದೂ, ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ ತಾವೇ ದೂರವಾಣಿ ಮಾಡಿ ಧೈರ್ಯ ಹೇಳಿದರೆಂದೂ ಸೈಮನ್ ಬರೆದುಕೊಂಡಿದ್ದಾರೆ.

ಕ್ಯಾಪ್ಟನ್ ಅಮೆರಿಕ, ಹಲ್ಕ್, ಥಾರ್, ಎಕ್ಸ್-ಮೆನ್, ಬ್ಲ್ಯಾಕ್ ಪ್ಯಾಂಥರ್. ಈ ಹೆಸರುಗಳನ್ನು ಕೇಳದ ಶಾಲಾ ಮಕ್ಕಳು ಇಂದು ನಮ್ಮ ಊರುಗಳಲ್ಲೂ ವಿರಳ. ಚಿತ್ರಮಂದಿರದಲ್ಲಿ, ದೂರದರ್ಶನದ ಪರದೆಯಲ್ಲಿ, ಶಾಲಾಚೀಲದ ಮೇಲೆ, ಪೆನ್ಸಿಲ್ ಡಬ್ಬಿಯ ಮುಚ್ಚಳದಲ್ಲಿ ಎಲ್ಲೆಲ್ಲೂ ಅವರೇ. ಆದರೆ ಇವರಿಗೆಲ್ಲ ಮೊದಲು ಕಾಗದದ ಮೇಲೆ ರೂಪ ಕೊಟ್ಟ ಕೈ ಯಾರದು ಎಂದು ಕೇಳಿದರೆ ಮಕ್ಕಳು ಮಾತ್ರವಲ್ಲ, ತಂದೆ ತಾಯಂದಿರೂ ತಡವರಿಸುತ್ತಾರೆ. ಆ ಕೈ ಐವತ್ತು ವರ್ಷ ದಣಿಯದೆ ದುಡಿಯಿತು. ಹೆಸರಿಗಾಗಿಯೂ, ತಾನೇ ಬರೆದ ಪುಟಗಳಿಗಾಗಿಯೂ ಅದು ಕೊನೆಗೆ ಹೋರಾಡಬೇಕಾಯಿತು.

ಗಲ್ಲಿಯ ಹುಡುಗ

ಕರ್ಬಿಯ ಹುಟ್ಟುಹೆಸರು ಜೇಕಬ್ ಕರ್ಟ್ಸ್‌ಬರ್ಗ್. 1917ರ ಆಗಸ್ಟ್ 28ರಂದು ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ಬಡವರ ಬಡಾವಣೆಯಲ್ಲಿ ಜನನ. ತಂದೆ ತಾಯಿ ಆಸ್ಟ್ರಿಯಾದಿಂದ ವಲಸೆ ಬಂದ ಯಹೂದಿಗಳು. ತಂದೆಗೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲಸ. ಇಕ್ಕಟ್ಟಾದ ವಠಾರ, ಹೊರಗೆ ಕಾಲಿಟ್ಟರೆ ಒಂದು ಬೀದಿಯ ಹುಡುಗರಿಗೂ ಪಕ್ಕದ ಬೀದಿಯ ಹುಡುಗರಿಗೂ ಮಾರಾಮಾರಿ. ಗಿಡ್ಡ ಮೈಕಟ್ಟಿನ ಜೇಕಬ್ ಹೊಡೆತ ತಿಂದೂ ಹೊಡೆದೂ ಬೆಳೆದ.

ಒಂದು ಮಳೆಯ ದಿನ ಚರಂಡಿಯಲ್ಲಿ ತೇಲಿಬರುತ್ತಿದ್ದ ವಿಜ್ಞಾನ ಕಥೆಗಳ ಪತ್ರಿಕೆಯೊಂದು ಹುಡುಗನ ಕೈಗೆ ಸಿಕ್ಕಿತು. ಅದರ ಮುಖಪುಟದಲ್ಲಿ ಅವನು ಹಿಂದೆಂದೂ ಕಂಡಿರದ ಒಂದು ರಾಕೆಟ್. ಓದುವುದನ್ನು ಕಂಡರೆ ಗೆಳೆಯರು ಗೇಲಿ ಮಾಡುವರೆಂದು ಅದನ್ನು ಬಚ್ಚಿಟ್ಟುಕೊಂಡು ಓದಿದ. ತನ್ನ ಕಲ್ಪನೆಯ ಬಾಗಿಲು ತೆರೆದದ್ದು ಆ ದಿನ ಎಂದು ಕರ್ಬಿ ವೃದ್ಧಾಪ್ಯದಲ್ಲೂ ನೆನೆಯುತ್ತಿದ್ದರು.

ಚಿತ್ರಕಲೆಯನ್ನು ಅವರಿಗೆ ಯಾರೂ ಕ್ರಮವಾಗಿ ಕಲಿಸಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಪ್ರಾಟ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಾಂತ ಕಲಾಶಾಲೆ ಸೇರಿ ಒಂದೇ ವಾರಕ್ಕೆ ಬಿಟ್ಟರು. ನಿಧಾನವಾಗಿ ತಿದ್ದಿ ತೀಡುವುದು ಅವರಿಗೆ ಒಗ್ಗಲಿಲ್ಲ. ದಿನಪತ್ರಿಕೆಗಳ ಚಿತ್ರಕಥೆಗಳೇ ಅವರ ಪಾಠಶಾಲೆ. ಹಾಲ್ ಫಾಸ್ಟರ್, ಅಲೆಕ್ಸ್ ರೇಮಂಡ್, ಮಿಲ್ಟನ್ ಕ್ಯಾನಿಫ್ ಅವರ ಕಾಣದ ಗುರುಗಳು. ಮುಂದೆ ‘ಪಾಪಾಯ್’ ಕಾರ್ಟೂನುಗಳನ್ನು ತಯಾರಿಸುತ್ತಿದ್ದ ಫ್ಲೈಷರ್ ಸ್ಟುಡಿಯೋದಲ್ಲಿ, ಒಂದು ಭಂಗಿಗೂ ಮತ್ತೊಂದು ಭಂಗಿಗೂ ನಡುವಿನ ಚಿತ್ರಗಳನ್ನು ಬರೆದು ತುಂಬುವ ಕೆಲಸ ಸಿಕ್ಕಿತು. ಸಾಲುಸಾಲು ಮೇಜುಗಳ ಆ ಜಾಗ ತಂದೆಯ ಕಾರ್ಖಾನೆಯನ್ನೇ ನೆನಪಿಸುತ್ತಿತ್ತು ಎಂದು ಕರ್ಬಿ ಹೇಳಿದ್ದುಂಟು. ಅಲ್ಲಿ ಬಹಳ ಕಾಲ ನಿಲ್ಲಲಿಲ್ಲ. ಆದರೆ ದೇಹ ಚಲಿಸುವಾಗ ಕ್ಷಣಕ್ಷಣಕ್ಕೂ ಹೇಗೆ ಬದಲಾಗುತ್ತದೆ ಎಂಬುದನ್ನು ಇಂಥ ಕೆಲಸಕ್ಕಿಂತ ಚೆನ್ನಾಗಿ ಯಾವ ಕಲಾಶಾಲೆ ಕಲಿಸೀತು?

ಅದರ ಫಲ ‘ಕ್ಯಾಪ್ಟನ್ ಅಮೆರಿಕ’ದ ಪುಟಪುಟದಲ್ಲೂ ಕಾಣುತ್ತದೆ. ಅದಕ್ಕೆ ಮುಂಚಿನ ಹೆಚ್ಚಿನ ಕಾಮಿಕ್ಸ್‌ಗಳಲ್ಲಿ ಚೌಕಟ್ಟುಗಳು ಒಂದೇ ಅಳತೆಯ ಕಿಟಕಿಗಳಂತೆ. ಪಾತ್ರಗಳು ಅದರೊಳಗೆ ಅಚ್ಚುಕಟ್ಟಾಗಿ ನಿಂತಿರುತ್ತಿದ್ದವು. ಕರ್ಬಿಯ ನಾಯಕನ ಕಾಲು ಒಂದು ಚೌಕಟ್ಟಿನಾಚೆ ಚಾಚಿದರೆ ಮುಷ್ಟಿ ಇನ್ನೊಂದರ ಗೆರೆ ದಾಟುತ್ತಿತ್ತು. ಕಥೆಯನ್ನೂ ಗಮನಿಸಿ: ಸ್ಟೀವ್ ರೋಜರ್ಸ್ ಸೇನೆಗೆ ಸೇರಲು ಹೋಗಿ, ಮೈಯಲ್ಲಿ ಕಸುವಿಲ್ಲ ಎಂಬ ಕಾರಣಕ್ಕೆ ತಿರಸ್ಕೃತನಾದ ಹುಡುಗ. ಔಷಧಿಯೊಂದರ ಪ್ರಯೋಗದಿಂದ ಅವನಿಗೆ ಬಲ ಬಂದದ್ದು ನಂತರ. ಬಲ ಇಲ್ಲದಾಗಲೂ ಅನ್ಯಾಯದೆದುರು ನಿಲ್ಲುವ ಮನಸ್ಸಿತ್ತು ಎಂಬುದೇ ಆ ಪಾತ್ರದ ತಿರುಳು.

ರೇಖೆ ತಂದ ಆಪತ್ತು

1943ರಲ್ಲಿ ಕರ್ಬಿಗೆ ಸೇನೆಯಿಂದ ಕರೆ ಬಂತು. ಮದುವೆಯಾಗಿ ಒಂದೇ ವರ್ಷವಾಗಿತ್ತು. 1944ರ ಆಗಸ್ಟಿನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದರು. ಈತ ಕಾಮಿಕ್ಸ್ ಚಿತ್ರಕಾರ ಎಂದು ತಿಳಿದ ಅಧಿಕಾರಿಯೊಬ್ಬರು ಅವರಿಗೆ ಒಂದು ಕೆಲಸ ಹಚ್ಚಿದರು. ಚಿತ್ರ ಬರೆಯುವವನಿಗೆ ಕಚೇರಿಯ ಮೇಜು ಸಿಕ್ಕಿತೆಂದು ನೀವು ಭಾವಿಸಿದರೆ ತಪ್ಪಾದೀತು. ಪಡೆಗಿಂತ ಮುಂದೆ ಹೋಗಿ, ಶತ್ರುವಿರುವ ಊರುಗಳನ್ನು ನೋಡಿ, ನಕ್ಷೆ ಬರೆದುಕೊಂಡು ಬರುವ ಕೆಲಸವದು. ಚೆನ್ನಾಗಿ ಚಿತ್ರ ಬರೆಯುತ್ತಾರೆಂಬ ಕಾರಣಕ್ಕೇ ಅವರು ಸಾವಿಗೆ ಎಲ್ಲರಿಗಿಂತ ಹತ್ತಿರ ನಿಲ್ಲಬೇಕಾಯಿತು.

ಆ ವರ್ಷದ ಚಳಿಗಾಲದಲ್ಲಿ ಹಿಮದ ಹೊಡೆತಕ್ಕೆ ಕಾಲುಗಳು ಮರಗಟ್ಟಿದವು. ಕತ್ತರಿಸಬೇಕಾದೀತೆಂದು ವೈದ್ಯರು ಯೋಚಿಸಿದ್ದೂ ಉಂಟು. ಪುಣ್ಯಕ್ಕೆ ಕಾಲು ಉಳಿಯಿತು. 1945ರಲ್ಲಿ ಬಿಡುಗಡೆ ಹೊಂದಿ ಮನೆಗೆ ಬಂದರು. ಕಾಗದದ ಮೇಲೆ ಹಿಟ್ಲರನಿಗೆ ಗುದ್ದಿದ್ದ ಕಲಾವಿದ ನಿಜವಾದ ಯುದ್ಧ ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದರು. ಮುಂದೆ ಅವರು ಬರೆದ ಖಳರಲ್ಲಿ, ಉರಿಯುವ ನಗರಗಳಲ್ಲಿ ಆ ನೆನಪು ಮತ್ತೆ ಮತ್ತೆ ತಲೆಯೆತ್ತಿತು.

ಪೋಷಕರ ಭಯ

ಯುದ್ಧಾನಂತರ ಜನ ಸಾಹಸಿಗಳಿಂದ ಬೇಸತ್ತಿದ್ದರು. ಸೈಮನ್ ಮತ್ತು ಕರ್ಬಿ 1947ರಲ್ಲಿ ‘ಯಂಗ್ ರೊಮ್ಯಾನ್ಸ್’ ಆರಂಭಿಸಿದರು. ಅಮೆರಿಕದಲ್ಲಿ ಪ್ರೇಮಕಥೆಗಳ ಕಾಮಿಕ್ಸ್ ಪರಂಪರೆಗೆ ಅದೇ ನಾಂದಿ. ಅದೂ ಬಿಸಿ ದೋಸೆಯಂತೆ ಖರ್ಚಾಯಿತು.

ಅಷ್ಟರಲ್ಲಿ ಬೇರೊಂದು ಬಿರುಗಾಳಿ ಎದ್ದಿತು. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆ ಎಂಬ ಕೂಗು ಅದು. ಕೆಲವೆಡೆ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರ ಗ್ರಂಥ ಹೊರಬಂತು. ಬಾಲಾಪರಾಧಕ್ಕೆ ಕಾಮಿಕ್ಸ್ ಒಂದು ಕಾರಣ ಎಂಬುದು ಅವರ ವಾದ. ಅಮೆರಿಕದ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಬೆದರಿದ ಪ್ರಕಾಶಕರು ತಮಗೆ ತಾವೇ ಕಟ್ಟುನಿಟ್ಟಿನ ಸಂಹಿತೆ ಹಾಕಿಕೊಂಡರು. ಅನೇಕ ಸಂಸ್ಥೆಗಳು ಮುಚ್ಚಿದವು. ಆಗ ತಾನೇ ಸೈಮನ್ ಮತ್ತು ಕರ್ಬಿ ತೆರೆದಿದ್ದ ಸ್ವಂತ ಪ್ರಕಾಶನವೂ ಉಳಿಯಲಿಲ್ಲ.

ಆ ಕಾಲದ ಕೆಲವು ಪುಸ್ತಕಗಳಲ್ಲಿ ಕ್ರೌರ್ಯ ಮಿತಿಮೀರಿತ್ತು ಎಂಬುದು ಸುಳ್ಳಲ್ಲ. ಮಕ್ಕಳು ಏನು ಓದುತ್ತಾರೆಂದು ಹಿರಿಯರು ನೋಡಬೇಕಾದದ್ದೇ. ಆದರೆ 2012ರಲ್ಲಿ ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ ವರ್ಥಮ್ ಅವರ ಮೂಲ ಟಿಪ್ಪಣಿಗಳನ್ನು ಪರಿಶೀಲಿಸಿ, ಅವರು ಮಕ್ಕಳ ಹೇಳಿಕೆಗಳನ್ನು ಅಲ್ಲಲ್ಲಿ ತಿರುಚಿದ್ದರೆಂದು ತೋರಿಸಿಕೊಟ್ಟರು. ಬೆಂಕಿಗೆ ಹಾಕುವ ಮುನ್ನ ಪುಸ್ತಕವನ್ನೊಮ್ಮೆ ಮಗುವಿನ ಜೊತೆ ಕೂತು ಓದಿ ನೋಡುವುದು ಲೇಸು ಎಂಬ ಪಾಠ ಇಲ್ಲಿದೆ.

ನೂರ ಎರಡು ಸಂಚಿಕೆ

ಕರ್ಬಿ ನಲವತ್ತು ದಾಟಿದ್ದರು. ಹೆಂಡತಿ ಮಕ್ಕಳ ಸಂಸಾರ. ಮುಂದೆ ಮಾರ್ವೆಲ್ ಎಂದು ಹೆಸರಾಗಲಿದ್ದ, ಆಗ ಕುಂಟುತ್ತಿದ್ದ ಸಂಸ್ಥೆಗೆ 1958ರಲ್ಲಿ ಮರಳಿದರು. ಅಲ್ಲಿನ ಸಂಪಾದಕ ಸ್ಟ್ಯಾನ್ ಲೀ. 1961ರಲ್ಲಿ ಇಬ್ಬರೂ ಸೇರಿ ‘ಫೆಂಟಾಸ್ಟಿಕ್ ಫೋರ್’ ತಂದರು. ಲೋಕ ಉಳಿಸುವ ಈ ನಾಲ್ವರು ಮನೆಯಲ್ಲಿ ಜಗಳವಾಡುತ್ತಿದ್ದರು, ಮುನಿಸಿಕೊಳ್ಳುತ್ತಿದ್ದರು. ಓದುಗರಿಗೆ ಅದು ಹೊಸದಾಗಿತ್ತು. 1962ರಲ್ಲಿ ಹಲ್ಕ್ ಮತ್ತು ಥಾರ್, 1963ರಲ್ಲಿ ಎಕ್ಸ್-ಮೆನ್ ಮತ್ತು ಅವೆಂಜರ್ಸ್ ಬಂದವು.

ಹಲ್ಕ್ ಹುಟ್ಟಿದ ಬಗೆಯನ್ನು ಕರ್ಬಿ ಹೀಗೆ ಹೇಳುತ್ತಿದ್ದರು: ಬೀದಿಯಲ್ಲಿ ಮಗುವೊಂದು ಕಾರಿನಡಿ ಸಿಲುಕಿತ್ತು. ಅದನ್ನು ಕಂಡ ತಾಯಿ ಕಾರಿನ ಹಿಂಭಾಗವನ್ನೇ ಎತ್ತಿಬಿಟ್ಟಳು. ಸಂಕಟದ ಗಳಿಗೆಯಲ್ಲಿ ಮನುಷ್ಯನೊಳಗಿಂದ ಎಂಥ ಬಲ ಹೊರಬರುತ್ತದೆ ಎಂದು ಆಗ ಹೊಳೆಯಿತಂತೆ. ಹಸಿರು ದೈತ್ಯನ ಹಿಂದೆ ಇರುವುದು ಒಬ್ಬ ತಾಯಿ!

ಕೆಲಸದ ಕ್ರಮವೂ ವಿಶಿಷ್ಟ. ಸ್ಟ್ಯಾನ್ ಲೀ ಮತ್ತು ಕರ್ಬಿ ಕಥೆಯ ಎಳೆಯನ್ನು ಮಾತನಾಡಿಕೊಳ್ಳುತ್ತಿದ್ದರು. ನಂತರ ಕರ್ಬಿ ಮನೆಗೆ ಹೋಗಿ ಇಪ್ಪತ್ತರಷ್ಟು ಪುಟಗಳ ಕಥೆಯನ್ನು ಚಿತ್ರದಲ್ಲೇ ಕಟ್ಟುತ್ತಿದ್ದರು. ಅಂಚಿನಲ್ಲಿ ಟಿಪ್ಪಣಿ ಬರೆಯುತ್ತಿದ್ದರು. ಸಂಭಾಷಣೆ ಬರೆಯುವುದು ಲೀ ಪಾಲಿನದು. 1966ರಲ್ಲಿ ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್‌ನ ಕಥೆಯ ಪುಟಗಳು ಬಂದಾಗ, ಮಾತುಕತೆಯಲ್ಲಿ ಇಲ್ಲದಿದ್ದ ಬೆಳ್ಳಿಬಣ್ಣದ ವ್ಯಕ್ತಿಯೊಬ್ಬ ಅಲೆಯ ಹಲಗೆಯೇರಿ ಆಕಾಶದಲ್ಲಿ ತೇಲುತ್ತಿದ್ದುದನ್ನು ಕಂಡು ಲೀ ಬೆರಗಾದರು. ಅವನೇ ‘ಸಿಲ್ವರ್ ಸರ್ಫರ್’. ಹಲಗೆ ಏಕೆ? ಅಂತರಿಕ್ಷ ನೌಕೆ ಬರೆದೂ ಬರೆದೂ ಬೇಸರವಾಗಿತ್ತು ಎಂದರು ಕರ್ಬಿ!

ಅದೇ ವರ್ಷ ಬಂದವನು ಬ್ಲ್ಯಾಕ್ ಪ್ಯಾಂಥರ್. ಅಮೆರಿಕದ ಪ್ರಮುಖ ಕಾಮಿಕ್ಸ್‌ಗಳಲ್ಲಿ ಕಾಣಿಸಿಕೊಂಡ ಮೊದಲ ಕಪ್ಪು ಸೂಪರ್‌ಹೀರೋ ಆತ. ಕರಿಯರು ಸಮಾನ ಹಕ್ಕಿಗಾಗಿ ಬೀದಿಗಿಳಿದಿದ್ದ ಕಾಲದಲ್ಲಿ, ವಿಜ್ಞಾನದಲ್ಲಿ ಎಲ್ಲರಿಗಿಂತ ಮುಂದಿದ್ದ ವಕಾಂಡ ಎಂಬ ಆಫ್ರಿಕದ ರಾಜ್ಯಕ್ಕೆ ಅವನು ದೊರೆ. 2018ರಲ್ಲಿ ಅವನ ಕಥೆ ಚಲನಚಿತ್ರವಾಗಿ 130 ಕೋಟಿ ಡಾಲರಿಗೂ ಮಿಗಿಲಾಗಿ ಗಳಿಸಿತು.

ಇದೆಲ್ಲ ನಡೆದದ್ದು ಮನೆಯ ನೆಲಮಾಳಿಗೆಯ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ. ಮನೆಮಂದಿ ಅದಕ್ಕಿಟ್ಟ ಹೆಸರು ‘ಸೆರೆಕೋಣೆ’. ರಾತ್ರಿಯಿಡೀ ಕೆಲಸ, ದಿನಕ್ಕೆ ಮೂರು ನಾಲ್ಕು ಪುಟ. ‘ಫೆಂಟಾಸ್ಟಿಕ್ ಫೋರ್’ನ 102 ಸಂಚಿಕೆಗಳನ್ನು ಅವರು ಒಂದೂ ಬಿಡದೆ ಬರೆದರು.

ಪುಟ ನೋಡುವ ಬಗೆ

ಕರ್ಬಿಯ ಪುಟವನ್ನು ಹೇಗೆ ನೋಡಬೇಕು? ಚಿತ್ರಕಲೆಯಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳು ಮೊದಲು ಮುಷ್ಟಿಯನ್ನು ಗಮನಿಸಲಿ. ಅದು ನೇರವಾಗಿ ಓದುಗನತ್ತ ಬರುತ್ತದೆ, ಮುಖಕ್ಕಿಂತ ದೊಡ್ಡದಾಗಿರುತ್ತದೆ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ನಿಯಮವನ್ನು ಅವರು ಎಳೆದು ಹಿಗ್ಗಿಸಿದರು. ಕಾಲುಗಳು ಅಗಲವಾಗಿ ಊರಿರುತ್ತವೆ. ಹೊಡೆತ ತಗಲುವ ಕ್ಷಣಕ್ಕಿಂತ, ಕೈ ಹಿಂದಕ್ಕೆ ಸೆಳೆದ ಕ್ಷಣವೋ ಎದುರಾಳಿ ಹಾರಿಬಿದ್ದ ಕ್ಷಣವೋ ಅವರಿಗೆ ಹೆಚ್ಚು ಪ್ರಿಯ. ನಡುವಿನದನ್ನು ಓದುಗನ ಮನಸ್ಸೇ ತುಂಬಿಕೊಳ್ಳುತ್ತದೆ.

ಶಕ್ತಿ ಸಿಡಿಯುವುದನ್ನು ತೋರಿಸಲು ಅವರು ಕಪ್ಪು ಚುಕ್ಕಿಗಳ ಗೊಂಚಲು ಬಳಸುತ್ತಿದ್ದರು. ಅಂತರಿಕ್ಷವೇ ಕುದಿಯುತ್ತಿದೆಯೇನೋ ಎನ್ನಿಸುವ ಈ ಚುಕ್ಕಿಗಳಿಗೆ ಇಂದು ‘ಕರ್ಬಿ ಕ್ರ್ಯಾಕಲ್’ ಎಂದೇ ಹೆಸರು. ಯಂತ್ರಗಳನ್ನು ಬರೆದರೆ ಕೊಳವೆ, ಚಕ್ರ, ಕೀಲುಗಳ ದಟ್ಟ ಕಾಡು. ಫೋಟೋಗಳನ್ನು ಕತ್ತರಿಸಿ ಅಂಟಿಸಿ ಬೇರೆ ಲೋಕಗಳನ್ನು ನಿರ್ಮಿಸಿದ್ದೂ ಉಂಟು. ಪೆನ್ಸಿಲ್ ಕರ್ಬಿಯದಾದರೆ ಅದರ ಮೇಲೆ ಮಸಿಯ ಗೆರೆ ಎಳೆಯುವ ಕಲಾವಿದರು ಬೇರೆ. ಆ ಪೈಕಿ ಜೋ ಸಿನೊಟ್ ಅವರ ಕೈಯಲ್ಲಿ ಕರ್ಬಿಯ ಚಿತ್ರಗಳಿಗೆ ಲೋಹದ ಹೊಳಪು ಬರುತ್ತಿತ್ತು.

ಹಾಗೆಂದು ಎಲ್ಲವೂ ಗದ್ದಲವಲ್ಲ. 1966ರ ‘ಫೆಂಟಾಸ್ಟಿಕ್ ಫೋರ್’ 51ನೇ ಸಂಚಿಕೆಯ ಮೊದಲ ಪುಟ ನೋಡಿ. ಮೈಯೆಲ್ಲ ಕಲ್ಲಾಗಿಹೋದ ಬೆನ್ ಗ್ರಿಮ್ ಮಳೆಯಲ್ಲಿ ಒಬ್ಬನೇ ನಿಂತಿದ್ದಾನೆ. ಹೊಡೆದಾಟವಿಲ್ಲ, ಓಟವಿಲ್ಲ. ಬೆಟ್ಟದಂಥ ಆ ದೇಹದ ತುಂಬ ಇರುವುದು ಒಂಟಿತನ. ಬೆನ್ ಕೂಡ ಬಡ ಗಲ್ಲಿಯಿಂದ ಬಂದವನು, ಒರಟು ಮಾತಿನವನು, ಒಳಗೆ ಮೃದು. ಈ ಪಾತ್ರ ತಮ್ಮದೇ ಪಡಿಯಚ್ಚು ಎಂಬುದನ್ನು ಕರ್ಬಿ ಅಲ್ಲಗಳೆಯಲಿಲ್ಲ.

ಹೊಸ ದೇವತೆಗಳು

ಪತ್ರಿಕೆಗಳ ಸಂದರ್ಶನಗಳಲ್ಲಿ ಸ್ಟ್ಯಾನ್ ಲೀ ಹೆಸರು ಮೆರೆಯುತ್ತಿತ್ತು. ಕರ್ಬಿಗೆ ಸಿಗುತ್ತಿದ್ದುದು ಪುಟಕ್ಕೆ ಇಷ್ಟು ಎಂಬ ಸಂಭಾವನೆ ಮಾತ್ರ. ಯಾವ ಪಾತ್ರದಲ್ಲಿ ಯಾರ ಪಾಲೆಷ್ಟು ಎಂಬ ಬಗ್ಗೆ ಇಬ್ಬರ ಹೇಳಿಕೆಗಳೂ ಕೊನೆಯವರೆಗೆ ಹೊಂದಲಿಲ್ಲ. ಮಾತು ಮತ್ತು ಚಿತ್ರ ಹಾಲು ನೀರಿನಂತೆ ಬೆರೆತ ಮೇಲೆ ಬೇರ್ಪಡಿಸುವುದು ಸುಲಭವಲ್ಲ. ಆದರೆ ತಮಗೆ ಸಲ್ಲಬೇಕಾದದ್ದು ಸಲ್ಲುತ್ತಿಲ್ಲ ಎಂಬ ನೋವು ಕರ್ಬಿಯಲ್ಲಿ ಬಲಿಯುತ್ತಾ ಹೋಯಿತು. 1970ರಲ್ಲಿ, 52ನೇ ವಯಸ್ಸಿನಲ್ಲಿ, ಅವರು ಪ್ರತಿಸ್ಪರ್ಧಿ ಡಿಸಿ ಸಂಸ್ಥೆಗೆ ಹೊರಟುಬಿಟ್ಟರು.

ಅಲ್ಲಿ ಕಥೆ, ಚಿತ್ರ, ಸಂಪಾದನೆ ಎಲ್ಲ ಅವರದೇ. ‘ನ್ಯೂ ಗಾಡ್ಸ್’, ‘ಫಾರೆವರ್ ಪೀಪಲ್’, ‘ಮಿಸ್ಟರ್ ಮಿರಾಕಲ್’ ಎಂಬ ಮೂರು ಮಾಲಿಕೆಗಳನ್ನು ಹೆಣೆದು ಹೊಸ ಪುರಾಣವನ್ನೇ ಬರೆಯಹೊರಟರು. ಅದರ ಖಳ ಡಾರ್ಕ್‌ಸೈಡ್‌ಗೆ ರಾಜ್ಯ ಬೇಡ, ಚಿನ್ನ ಬೇಡ. ಎಲ್ಲರ ಮನಸ್ಸೂ ತನ್ನ ಅಂಕೆಯಲ್ಲಿರಬೇಕು, ಅಷ್ಟೇ. ಹಿಟ್ಲರನ ಯುರೋಪನ್ನು ಕಂಡುಬಂದ ಸೈನಿಕನಿಗಲ್ಲದೆ ಇನ್ನಾರಿಗೆ ಇಂಥ ಖಳ ಹೊಳೆದಾನು?

ಆದರೆ ಅದೃಷ್ಟ ಕೈಕೊಟ್ಟಿತು. ‘ನ್ಯೂ ಗಾಡ್ಸ್’ 1972ರಲ್ಲಿ ಹನ್ನೊಂದೇ ಸಂಚಿಕೆಗೆ ನಿಂತಿತು. ಅವರು ಬರೆದ ಸೂಪರ್‌ಮ್ಯಾನ್‌ನ ಮುಖ ಪರಿಚಿತ ಮುಖದಂತಿಲ್ಲ ಎಂದು ಸಂಸ್ಥೆ ಬೇರೆ ಕಲಾವಿದರಿಂದ ಅದನ್ನು ತಿದ್ದಿಸಿತು. ಅವರ ಶೈಲಿಯೂ ಬದಲಾಗಿತ್ತು: ಬೆರಳುಗಳು ಚೌಕವಾದವು, ಮೈಕಟ್ಟು ಕಡೆದ ಬಂಡೆಯಂತಾಯಿತು, ಸಂಭಾಷಣೆ ಘೋಷಣೆಯಂತೆ ಕೇಳುತ್ತಿತ್ತು. ಮುದುಕನಿಗೆ ಕೈ ಹೋಯಿತು ಎಂದು ಕೆಲವು ಓದುಗರು ಮೂಗು ಮುರಿದರು. ಇಂದು ಅವೇ ಪುಟಗಳನ್ನು ದಪ್ಪ ರಟ್ಟಿನ ಸಂಪುಟಗಳಾಗಿ ಮತ್ತೆ ಮತ್ತೆ ಮುದ್ರಿಸುತ್ತಾರೆ. ಅಂಗರಚನೆಯ ನಿಖರತೆಯನ್ನು ಬಿಟ್ಟುಕೊಟ್ಟು ಬಲವೊಂದನ್ನೇ ರೇಖೆಯಲ್ಲಿ ಹಿಡಿಯುವ ಸಾಹಸ ಅಲ್ಲಿ ನಡೆದಿತ್ತು ಎಂಬುದು ಈಗ ಕಾಣುತ್ತಿದೆ.

1975ರಲ್ಲಿ ಮಾರ್ವೆಲ್‌ಗೆ ಮರಳಿ ಕೆಲಕಾಲ ದುಡಿದ ಕರ್ಬಿ ನಂತರ ಅನಿಮೇಷನ್ ಕ್ಷೇತ್ರಕ್ಕೆ ಹೊರಳಿದರು. ಒಳ್ಳೆಯ ಸಂಬಳ, ಆರೋಗ್ಯ ವಿಮೆ ಅಲ್ಲಿ ದೊರೆಯಿತು. ಆ ದಿನಗಳಲ್ಲೇ ನಮ್ಮ ಪುರಾಣಗಳ ನೆರಳೂ ಅವರ ಪೆನ್ಸಿಲ್ಲಿನ ಮೇಲೆ ಬಿದ್ದಿತು. ದೂರದ ಗ್ರಹವೊಂದರಲ್ಲಿ ಬ್ರಹ್ಮ, ಯಮ, ಅಗ್ನಿಯರ ಪಾತ್ರ ಧರಿಸಿ ಆಳುವ ಮನುಷ್ಯರ ಕಥೆ, ರೋಜರ್ ಝೆಲಾಜ್ನಿಯ 1967ರ ಕಾದಂಬರಿ ‘ಲಾರ್ಡ್ ಆಫ್ ಲೈಟ್’. ಅದನ್ನು ಚಲನಚಿತ್ರ ಮಾಡಹೊರಟವರಿಗಾಗಿ ಕರ್ಬಿ ಭವ್ಯ ರಂಗಸಜ್ಜಿಕೆಗಳನ್ನು ಬರೆದುಕೊಟ್ಟರು. ಚಿತ್ರ ತಯಾರಾಗಲಿಲ್ಲ. ಆದರೆ 1980ರ ಜನವರಿಯಲ್ಲಿ ಟೆಹರಾನಿನಲ್ಲಿ ಅಡಗಿದ್ದ ಆರು ಅಮೆರಿಕನ್ ರಾಜತಾಂತ್ರಿಕ ಸಿಬ್ಬಂದಿಯನ್ನು ಸಿಐಎ ‘ಚಿತ್ರತಂಡ’ದ ಸೋಗಿನಲ್ಲಿ ಪಾರುಮಾಡಿದಾಗ, ನಂಬಿಸಲು ಒಯ್ದ ಕಡತದಲ್ಲಿದ್ದವು ಇದೇ ಚಿತ್ರಗಳು! 2012ರ ‘ಆರ್ಗೋ’ ಚಿತ್ರ ಆ ಪ್ರಸಂಗದ್ದೇ. ಗುಟ್ಟು ಹೊರಬಿದ್ದ 1997ರ ಹೊತ್ತಿಗೆ ಕರ್ಬಿ ಬದುಕಿರಲಿಲ್ಲ.

ಯಾರ ಪುಟ?

ಮುದ್ರಣ ಮುಗಿದ ಮೇಲೆ ಮೂಲಚಿತ್ರಗಳನ್ನು ಕಲಾವಿದರಿಗೆ ಹಿಂದಿರುಗಿಸುವ ಪದ್ಧತಿ ಹಿಂದೆ ಇರಲಿಲ್ಲ. 1980ರ ದಶಕದಲ್ಲಿ ಮಾರ್ವೆಲ್ ಹಳೆಯ ಚಿತ್ರಗಳನ್ನು ಮರಳಿಸತೊಡಗಿದಾಗ ಇತರರಿಗೆ ಒಂದು ಪುಟದ ಕರಾರುಪತ್ರವಿದ್ದರೆ ಕರ್ಬಿಗೆ ನಾಲ್ಕು ಪುಟದ್ದು ಬಂತು. ಅದಕ್ಕೆ ಸಹಿ ಹಾಕಲು ಅವರು ಒಪ್ಪಲಿಲ್ಲ. ಸಹ ಕಲಾವಿದರೂ ಓದುಗರೂ ಅವರ ಪರ ದನಿಯೆತ್ತಿದರು. ಕೊನೆಗೆ 1987ರಲ್ಲಿ ಸುಮಾರು ಎರಡು ಸಾವಿರ ಪುಟಗಳು ಮನೆಗೆ ಬಂದವು. ಅಲ್ಲಿಗಾಗಿ ಅವರು ಬರೆದಿದ್ದ ಸಾವಿರಾರು ಪುಟಗಳಲ್ಲಿ ಅದು ಒಂದು ಸಣ್ಣ ಭಾಗ.

1994ರ ಫೆಬ್ರುವರಿ 6ರಂದು ಕ್ಯಾಲಿಫೋರ್ನಿಯಾದಲ್ಲಿ ಕರ್ಬಿ ನಿಧನರಾದರು. ವಯಸ್ಸು 76. ತಮ್ಮ ಪಾತ್ರಗಳು ಬೆಳ್ಳಿತೆರೆಯಲ್ಲಿ ಕೋಟಿಗಟ್ಟಲೆ ಗಳಿಸಿದ್ದನ್ನು ಅವರು ಕಾಣಲಿಲ್ಲ. 2009ರಲ್ಲಿ ಡಿಸ್ನಿ ಸಂಸ್ಥೆ ಸುಮಾರು 400 ಕೋಟಿ ಡಾಲರಿಗೆ ಮಾರ್ವೆಲ್ ಕೊಂಡ ವರ್ಷವೇ ಅವರ ಮಕ್ಕಳು ಹಕ್ಕು ಕೋರಿ ನೋಟಿಸು ಕೊಟ್ಟರು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಅವರಿಗೆ ಸೋಲಾಯಿತು. ಸರ್ವೋಚ್ಚ ನ್ಯಾಯಾಲಯ ಆ ಅರ್ಜಿಯ ಬಗ್ಗೆ ಯೋಚಿಸುವ ದಿನ ಹತ್ತಿರವಾದಾಗ, 2014ರ ಸೆಪ್ಟೆಂಬರಿನಲ್ಲಿ, ರಾಜಿಯಾಯಿತು. 2017ರಲ್ಲಿ, ಅವರು ಹುಟ್ಟಿ ನೂರು ವರ್ಷವಾದಾಗ, ಡಿಸ್ನಿ ತನ್ನ ಗೌರವಾನ್ವಿತರ ಪಟ್ಟಿಗೆ ಅವರನ್ನು ಸೇರಿಸಿಕೊಂಡಿತು.

ಮಗು ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಹಲ್ಕನನ್ನು ಬರೆಯುತ್ತಿದ್ದರೆ ಗದರಿಸುವ ಮುನ್ನ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಆ ಮುಷ್ಟಿ ಮುಖಕ್ಕಿಂತ ದೊಡ್ಡದಾಗಿದೆಯೇ? ಕಾಲು ಗೆರೆ ದಾಟಿದೆಯೇ? ದಾಟಿದ್ದರೆ, ಗೆರೆಯೊಳಗೇ ಬರೆ ಎಂದು ತಿದ್ದಬೇಡಿ. ಮುಂದಿನ ಸಲ ಮಕ್ಕಳೊಡನೆ ಇಂಥ ಚಿತ್ರಕ್ಕೆ ಹೋದಾಗ ಕೊನೆಯಲ್ಲಿ ದೀಪ ಹತ್ತಿದೊಡನೆ ಎದ್ದು ಹೊರಡದೆ, ಪರದೆಯ ಮೇಲೆ ಸರಿಯುವ ಹೆಸರುಗಳ ಸಾಲಿನಲ್ಲಿ ಜ್ಯಾಕ್ ಕರ್ಬಿ ಎಂಬ ಹೆಸರನ್ನು ಅವರೊಡನೆ ಹುಡುಕಿ.